ಬಿಸಿ ಮಾಡಿದ ಹಾಲು ಬೇಡ ಎಂದ ತಾಯಿ: ಎದೆಹಾಲಿನ ಮೈಕ್ರೋಆರ್‌ಎನ್‌ಎ ಸುತ್ತ ಒಂದು ಪ್ರಕರಣ

ಮಗು ಹುಟ್ಟಿ ಮೂರನೇ ದಿನ. ಬೆಳಿಗ್ಗೆ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ನರ್ಸ್ ಫೋನ್ ಮಾಡಿದರು. "ಮೇಡಂ, ಡೋನರ್ ಹಾಲಿನ ಫಾರ್ಮ್‌ಗೆ ಸಹಿ ಹಾಕಲ್ಲ ಅಂತಿದ್ದಾರೆ. ಪಾಶ್ಚರೀಕರಿಸಿದ ಹಾಲಲ್ಲಿ ಮೈಕ್ರೋ ಏನೋ ಇರಲ್ವಂತೆ. ನೀವೇ ಬಂದು ಮಾತಾಡಿ."

ಆ 'ಮೈಕ್ರೋ ಏನೋ' ಅಂದರೆ ಮೈಕ್ರೋಆರ್‌ಎನ್‌ಎ. ನಾನು ನವಜಾತ ಶಿಶು ವಿಭಾಗದಲ್ಲಿ ಎದೆಹಾಲು ಸಲಹೆಗಾರ್ತಿ. ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ. ಅದು ಮುಂದೆ ಬರುತ್ತದೆ. ಗುರುತು ಸಿಗಬಾರದೆಂದು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಮಗು 29 ವಾರಕ್ಕೇ ಹುಟ್ಟಿತ್ತು. ತೂಕ 1,180 ಗ್ರಾಂ. ತಾಯಿಯ ರಕ್ತದೊತ್ತಡ ವಿಪರೀತ ಏರಿದ್ದರಿಂದ ತುರ್ತಾಗಿ ಸಿಸೇರಿಯನ್ ಮಾಡಬೇಕಾಯಿತು. ಅವರಿಗೆ ಇದು ಮೊದಲ ಮಗು. ಜೀವಶಾಸ್ತ್ರ ಓದಿದವರು, ಸಂಶೋಧನಾ ಲೇಖನ ಕೈಗೆ ಕೊಟ್ಟರೆ ಕೂತು ಓದಿ ಅರ್ಥ ಮಾಡಿಕೊಳ್ಳಬಲ್ಲವರು.

ಇಷ್ಟು ಬೇಗ ಹುಟ್ಟಿದ ಮಗುವಿಗೆ ಚೀಪಿ, ನುಂಗಿ, ಉಸಿರಾಡುವ ಮೂರೂ ಕೆಲಸ ಒಟ್ಟಿಗೆ ಮಾಡಲು ಬರುವುದಿಲ್ಲ. ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬಿನಲ್ಲಿ ಹಾಲು ಕೊಡುತ್ತೇವೆ. ಮೊದಲು ಕೇಜಿ ತೂಕಕ್ಕೆ ದಿನಕ್ಕೆ 20 ಮಿಲಿ. ಮಗು ತಡೆದುಕೊಂಡರೆ ದಿನವೂ ಕೇಜಿಗೆ 30 ಮಿಲಿಯಷ್ಟು ಏರಿಸುತ್ತಾ 150-160ಕ್ಕೆ ಮುಟ್ಟಿಸುತ್ತೇವೆ. ಅಲ್ಲಿಯವರೆಗೆ ಉಳಿದ ಪೋಷಣೆ ರಕ್ತನಾಳದ ಲೈನ್ ಮೂಲಕ ಹೋಗುತ್ತದೆ. ಆ ಲೈನ್ ಸೋಂಕಿಗೂ ದಾರಿ. ಹಾಗಾಗಿ ಅದನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು.

ಈ ಮಗುವಿಗೆ ಮೂರನೇ ದಿನ ಬೇಕಿದ್ದದ್ದು ಸುಮಾರು 24 ಮಿಲಿ. ತಾಯಿ ಪಂಪ್ ಮಾಡಿ ತೆಗೆದದ್ದು 15. ಮರುದಿನದಿಂದ ಮಗುವಿನ ಬೇಡಿಕೆ ಏರಲಿತ್ತು. ಮಧ್ಯದ ಕೊರತೆ ತುಂಬಲು ನಮ್ಮಲ್ಲಿ ಮಿಲ್ಕ್ ಬ್ಯಾಂಕಿನ ಹಾಲು ಇತ್ತು. ಬೇರೆ ತಾಯಂದಿರು ಕೊಟ್ಟದ್ದು, ರೋಗಾಣು ಸಾಯಲೆಂದು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿ ಪಾಶ್ಚರೀಕರಿಸಿದ್ದು. ಸ್ವಂತ ತಾಯಿಯ ಹಾಲು ಸಾಲದಿದ್ದಾಗ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಡೋನರ್ ಹಾಲು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮುಖ್ಯ ಕಾರಣ ಎನ್‌ಇಸಿ. ಕರುಳಿನ ಗೋಡೆಗೆ ಉರಿಯೂತವಾಗಿ, ಕೆಲವೊಮ್ಮೆ ತೂತೇ ಬೀಳುವ ಕಾಯಿಲೆ ಇದು. ಡೋನರ್ ಹಾಲಿಗಿಂತ ಫಾರ್ಮುಲಾ, ಅಂದರೆ ಶಿಶುಗಳಿಗೆಂದು ತಯಾರಿಸಿದ ಡಬ್ಬಿ ಹಾಲು ಕೊಟ್ಟಾಗ ಇದರ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು.

ತಾಯಿ ಎರಡಕ್ಕೂ ಬೇಡ ಎಂದಿದ್ದರು. ಫಾರ್ಮುಲಾನೂ ಬೇಡ, ಬಿಸಿ ಮಾಡಿದ ಹಾಲೂ ಬೇಡ. "ನನ್ನದು ಎಷ್ಟು ಬರುತ್ತೋ ಅಷ್ಟೇ ಕೊಡಿ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ತಂಡ ಎಡವಿದ್ದು ಇಲ್ಲೇ.

ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರ ಉದ್ದದ ಆರ್‌ಎನ್‌ಎ ತುಣುಕು. ಇದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಇದರ ಕೆಲಸ ತಡೆಯುವುದು. ಪ್ರೋಟೀನ್ ಮಾಡಲು ಹೊರಟ ಎಂಆರ್‌ಎನ್‌ಎಗೆ ಹೋಗಿ ಅಂಟಿಕೊಂಡು, 'ಸಾಕು, ಕಮ್ಮಿ ಮಾಡು' ಅನ್ನುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ಪ್ರಯೋಗಾಲಯಗಳು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡುಹಿಡಿದವು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎದೆಹಾಲಿನಲ್ಲಿ ಇದು ಇದೆ, ಅದೂ ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟ ಬಗೆಗಳು ಇವೆ ಎಂದು 2010ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಆಮೇಲೆ ಬಂದ ಅಧ್ಯಯನಗಳಲ್ಲಿ ನೂರಾರು ಬಗೆ ಸಿಕ್ಕಿವೆ.

ಬರೀ ಆರ್‌ಎನ್‌ಎ ತುಂಬ ನಾಜೂಕು. ಹಾಲಿನಲ್ಲೇ ಅದನ್ನು ಕತ್ತರಿಸುವ ಕಿಣ್ವಗಳಿವೆ. ಆದರೂ ಮೈಕ್ರೋಆರ್‌ಎನ್‌ಎ ಉಳಿಯುತ್ತದೆ. ಬಹಳಷ್ಟು ಎಕ್ಸೋಸೋಮ್ ಎಂಬ ಕೊಬ್ಬಿನ ಪೊರೆಯ ಪುಟ್ಟ ಚೀಲಗಳ ಒಳಗೆ ಕೂತಿರುತ್ತದೆ. ಹಾಲಿನ ಕೊಬ್ಬಿನ ಹನಿಗಳಲ್ಲಿ, ಹಾಲಿನಲ್ಲಿರುವ ಜೀವಕೋಶಗಳಲ್ಲಿ ಇನ್ನೂ ಇದೆ. ಹಾಲನ್ನು 62.5 ಡಿಗ್ರಿಗೆ ಕಾಯಿಸಿದಾಗ ಈ ಮೈಕ್ರೋಆರ್‌ಎನ್‌ಎ ಗಣನೀಯವಾಗಿ ಕಡಿಮೆಯಾಗುತ್ತದೆ. ಫಾರ್ಮುಲಾದಲ್ಲಿ ಎಕ್ಸೋಸೋಮ್ ಇಲ್ಲವೆಂದೇ ಹೇಳಬೇಕು.

ಅಂದರೆ ತಾಯಿ ಹೇಳಿದ ವಿಷಯ ಸರಿ. ತೀರ್ಮಾನ ಮಾತ್ರ ತಪ್ಪು. ಇವೆರಡನ್ನೂ ಬೇರೆ ಮಾಡಿ ನೋಡಲು ನಮಗೆ ಒಂದೂವರೆ ದಿನ ಹಿಡಿಯಿತು.

ಮೊದಲು ಮಾಡಿದ್ದು, ಕೆಟ್ಟದ್ದು

ಬೆಳಿಗ್ಗೆ ರೌಂಡ್ಸಿನಲ್ಲಿದ್ದ ಕಿರಿಯ ವೈದ್ಯರು, "ಅದೆಲ್ಲಾ ಇಂಟರ್ನೆಟ್ ಕಥೆ, ತಲೆ ಕೆಡಿಸಿಕೊಳ್ಳಬೇಡಿ" ಅಂದರು. ತಾಯಿ ಮೊಬೈಲ್ ತೆಗೆದು ಒಂದು ಲೇಖನ ತೋರಿಸಿದರು. ಅಸಲಿ ಸಂಶೋಧನಾ ಪತ್ರಿಕೆಯದ್ದೇ. ವೈದ್ಯರಿಗೆ ಓದಲು ಪುರುಸೊತ್ತಿರಲಿಲ್ಲ. ಪಾಪ, ಪಕ್ಕದ ಇನ್‌ಕ್ಯುಬೇಟರಿನ ಮಗು ಉಸಿರಾಟ ನಿಲ್ಲಿಸುತ್ತಿತ್ತು. ಆದರೆ ಅಲ್ಲಿಂದ ಮುಂದೆ ಅವರು ಏನು ಹೇಳಿದರೂ ತಾಯಿ ನಂಬಲಿಲ್ಲ. ಗೊತ್ತಿರುವ ಒಂದು ಸತ್ಯವನ್ನೇ ಸುಳ್ಳು ಅಂದವರು ಎನ್‌ಇಸಿ ಬಗ್ಗೆ ಹೇಳುವುದನ್ನು ಯಾಕೆ ನಂಬಬೇಕು?

ಮಧ್ಯಾಹ್ನ ಹಿರಿಯ ವೈದ್ಯರು ಬಂದು ಅಪಾಯಗಳ ಪಟ್ಟಿ ಕೊಟ್ಟರು. ಎಲ್ಲವೂ ನಿಜ, ಆದರೆ ಹೇಳಿದ ರೀತಿ ಹೆದರಿಸುವ ಹಾಗಿತ್ತು. ತಾಯಿ ಅತ್ತರು, ಸಹಿ ಹಾಕಲಿಲ್ಲ. ಆ ರಾತ್ರಿ ಮಗುವಿಗೆ ಸಿಕ್ಕಿದ್ದು ಅವರದೇ 15 ಮಿಲಿ. ಮರುದಿನ ಏರಿಸಬೇಕಿದ್ದ ಪ್ರಮಾಣವನ್ನು ಏರಿಸಲಿಲ್ಲ, ಲೈನ್ ಮುಂದುವರಿಯಿತು.

ಸಂಜೆ ನಾನು ಪಂಪಿಂಗ್ ರೂಮಿಗೆ ಹೋದೆ. "ಇದನ್ನು ನೀವು ಎಲ್ಲಿ ಮೊದಲು ಕೇಳಿದ್ದು?" ಎಂದು ಸುಮ್ನೆ ಕೇಳಿದೆ, ಮಾತು ಶುರುವಾಗಲಿ ಅಂತ.

"ನಿಮ್ಮ ಕ್ಲಾಸಲ್ಲೇ ಮೇಡಂ."

ಗರ್ಭಿಣಿಯರಿಗೆ ನಾನು ನಡೆಸುವ ತರಗತಿಯಲ್ಲಿ ಒಂದು ಸ್ಲೈಡ್ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ, "ನಿಮ್ಮ ಹಾಲು ಮಗುವಿನ ಜೀನ್‌ಗಳಿಗೆ ಪಾಠ ಹೇಳುತ್ತದೆ" ಎಂದು ಬರೆದಿದ್ದೆ. ಎದೆಹಾಲಿನಲ್ಲಿ ಅತಿ ಹೇರಳವಾಗಿರುವ ಮೈಕ್ರೋಆರ್‌ಎನ್‌ಎಗಳಲ್ಲಿ ಮಿರ್-148ಎ ಒಂದು. ಡಿಎನ್‌ಎಗೆ ಮಿಥೈಲ್ ಗುರುತು (ಜೀನ್‌ಗಳನ್ನು ಸುಮ್ಮನಾಗಿಸಬಲ್ಲ ಗುರುತು) ಅಂಟಿಸುವ ಒಂದು ಕಿಣ್ವವನ್ನು ಅದು ಕಡಿಮೆ ಮಾಡುತ್ತದೆ ಎಂದು ಜೀವಕೋಶಗಳ ಪ್ರಯೋಗದಲ್ಲಿ ಕಂಡಿದೆ. ನಾನು ಅಷ್ಟನ್ನು ಹಿಡಿದು ಆ ಸಾಲು ಕಟ್ಟಿದ್ದೆ. ಕೇಳುವವರ ಕಣ್ಣು ಅರಳುತ್ತಿತ್ತು. ನನಗೂ ಖುಷಿಯಾಗುತ್ತಿತ್ತು.

29 ವಾರಕ್ಕೆ ಮಗು ಹೊರಬಂದಾಗ ಆ ಸಾಲು ಈ ತಾಯಿಯ ತಲೆಯಲ್ಲಿ ಏನು ಮಾಡಿರಬೇಡ. ಮಗುವನ್ನು ಹೊಟ್ಟೆಯಲ್ಲಿ ಉಳಿಸಿಕೊಳ್ಳಲಾಗಲಿಲ್ಲ ಎಂಬ ನೋವು ಒಂದು ಕಡೆ. ಈಗ ಪಾಠ ಹೇಳುವ ಹಾಲೂ ಸಾಲದು, ಅದರ ಬದಲು ಪಾಠ ಅಳಿಸಿಹೋದ ಹಾಲನ್ನು ಬೇರೆಯವರು ಕೊಡುತ್ತಿದ್ದಾರೆ. ಅವರ ಬೇಡ ಎಂಬ ಮಾತು ಹಟ ಆಗಿರಲಿಲ್ಲ. ನಾನೇ ಕಲಿಸಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ನಾನು ಆ ಸ್ಲೈಡ್ ಅತಿಯಾಯಿತು ಎಂದು ಒಪ್ಪಿಕೊಂಡೆ. ಯಾವ ತಂತ್ರವೂ ಅಲ್ಲ, ನಾಚಿಕೆಯಾಗಿ ಹೇಳಿದ್ದು. ಆದರೆ ಈಗ ಹಿಂತಿರುಗಿ ನೋಡಿದರೆ ಮಾತು ತಿರುಗಿದ್ದು ಅಲ್ಲೇ.

ಮೂರು ಸಾಲಿನ ಚೀಟಿ

ಪಂಪ್ ಓಡುತ್ತಿತ್ತು. ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದೆ. ಹಾಲಿನಲ್ಲಿ ಇದೆಯಾ? ಹೊಟ್ಟೆ ದಾಟುತ್ತಾ? ಮಗುವಿನ ದೇಹದಲ್ಲಿ ಕೆಲಸ ಮಾಡುತ್ತಾ?

ಮೊದಲನೆಯದಕ್ಕೆ ಇಬ್ಬರೂ ಹೌದು ಅಂದೆವು.

ಎರಡನೆಯದಕ್ಕೆ ಅರ್ಧ ಹೌದು. ಪ್ರಯೋಗಾಲಯದಲ್ಲಿ, ಶಿಶುವಿನ ಜೀರ್ಣಕ್ರಿಯೆಯನ್ನು ಅನುಕರಿಸಿ ಮಾಡಿದ ಪ್ರಯೋಗದಲ್ಲಿ ಎದೆಹಾಲಿನ ಎಕ್ಸೋಸೋಮ್‌ಗಳು ಮತ್ತು ಒಳಗಿನ ಮೈಕ್ರೋಆರ್‌ಎನ್‌ಎ ಉಳಿದುಕೊಂಡವು, ಕರುಳಿನ ಜೀವಕೋಶಗಳ ಒಳಗೂ ಹೋದವು ಎಂದು 2017ರ ಒಂದು ಅಧ್ಯಯನ ಹೇಳಿದೆ. ಎಳೆ ಮಗುವಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಕರುಳಿನ ಗೋಡೆಯೂ ಇನ್ನೂ ಬಿಗಿಯಾಗಿರುವುದಿಲ್ಲ. ಹಾಗಾಗಿ ನಂಬುವಂಥದ್ದೇ. ಆದರೆ ಅದು ಗಾಜಿನ ಪಾತ್ರೆಯ ಕಥೆ.

ಮೂರನೆಯದರಲ್ಲಿ ಮಾತು ಉದ್ದವಾಯಿತು. 2015ರಲ್ಲಿ ಇಲಿಗಳ ಮೇಲೆ ಎರಡು ಪ್ರಯೋಗ ಪ್ರಕಟವಾದವು. ಒಂದರಲ್ಲಿ, ಕೆಲವು ಮೈಕ್ರೋಆರ್‌ಎನ್‌ಎಗಳನ್ನು ತಯಾರಿಸಲಾರದ ಮರಿಗಳನ್ನು ಅವನ್ನು ತಯಾರಿಸುವ ತಾಯಿಯ ಹತ್ತಿರ ಹಾಲು ಕುಡಿಯಲು ಬಿಟ್ಟರು. ಜಾಣತನದ ಪ್ರಯೋಗ, ಅಲ್ವಾ? ಮರಿ ತಾನೇ ತಯಾರಿಸುವುದಿಲ್ಲ, ಹಾಗಾಗಿ ಅದರ ಮೈಯಲ್ಲಿ ಸಿಕ್ಕಿದ್ದೆಲ್ಲಾ ಹಾಲಿನಿಂದಲೇ ಬಂದಿರಬೇಕು. ರಕ್ತದಲ್ಲಾಗಲಿ ಯಕೃತ್ತಿನಲ್ಲಾಗಲಿ ಲೆಕ್ಕಕ್ಕೆ ಬರುವಷ್ಟು ಸಿಗಲಿಲ್ಲ. ಇನ್ನೊಂದರಲ್ಲಿ, ಹಾಲಿನಲ್ಲಿ ಒಂದು ಮೈಕ್ರೋಆರ್‌ಎನ್‌ಎ ವಿಪರೀತ ಇರುವಂತೆ ತಾಯಿ ಇಲಿಯನ್ನು ಮಾರ್ಪಡಿಸಿದರು. ಮರಿಗಳ ಅಂಗಾಂಶಗಳಲ್ಲಿ ಅದು ಏರಲಿಲ್ಲ. ಎದುರು ಪಕ್ಷದ ವಾದವೂ ಇದೆ. ಹಸುವಿನ ಹಾಲಿನ ಎಕ್ಸೋಸೋಮ್‌ಗಳಿಗೆ ಹೊಳೆಯುವ ಗುರುತು ಕಟ್ಟಿ ಇಲಿಗೆ ಕೊಟ್ಟಾಗ ಹಲವು ಅಂಗಗಳಲ್ಲಿ ಆ ಗುರುತು ಕಂಡಿದೆ. ಆದರೆ ಗುರುತು ತಲುಪುವುದು ಬೇರೆ, ಒಳಗಿನ ತುಣುಕು ಅಲ್ಲಿ ಒಂದು ಜೀನ್ ತಗ್ಗಿಸುವುದು ಬೇರೆ. ಅದಕ್ಕೆ ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿಗಳಾದರೂ ಬೇಕು ಎಂಬುದು ಸಾಮಾನ್ಯ ಲೆಕ್ಕ.

"ಮಿರ್-148ಎ ಮಗುವಿನ ಯಕೃತ್ತೇ ತಯಾರಿಸುತ್ತೆ. ನಿಮ್ಮ ಹಾಲಿಗಾಗಿ ಅದು ಕಾಯ್ತಾ ಕೂತಿಲ್ಲ" ಎಂದೆ.

ಅವರು ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಹುಡುಕಿಕೊಂಡಿದ್ದರು. "ಡೋನರ್ ಹಾಲು ಎನ್‌ಇಸಿ ತಡೆಯುತ್ತೆ ಅಂತೀರಲ್ಲ, ಆ ಅಧ್ಯಯನಗಳಲ್ಲಿ ಯಾವ ಹಾಲು ಕೊಟ್ಟಿದ್ದು? ಹಸಿಯೋ, ಕಾಯಿಸಿದ್ದೋ?"

ನಿಜ ಹೇಳುತ್ತೇನೆ, ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇಬ್ಬರೂ ಕೂತು ನೋಡಿದೆವು. ಹಳೆಯ ಅಧ್ಯಯನಗಳಲ್ಲಿ ಕೆಲವು ಕಡೆ ಹಸಿ ಹಾಲು ಇದೆ. ಆದರೆ 2016ರಲ್ಲಿ ಪ್ರಕಟವಾದ ಕೆನಡಾದ ದೊಡ್ಡ ಅಧ್ಯಯನದಲ್ಲಿ ಕೊಟ್ಟದ್ದು ಪಾಶ್ಚರೀಕರಿಸಿದ್ದೇ. ಅದರಲ್ಲಿ 363 ಮಕ್ಕಳಿದ್ದರು. ತಾಯಿಯ ಹಾಲು ಸಾಲದಿದ್ದಾಗ ಒಂದು ಗುಂಪಿಗೆ ಡೋನರ್ ಹಾಲು, ಇನ್ನೊಂದಕ್ಕೆ ಫಾರ್ಮುಲಾ. ಎನ್‌ಇಸಿ ಬಂದದ್ದು ಡೋನರ್ ಗುಂಪಿನಲ್ಲಿ ಶೇ. 1.7, ಫಾರ್ಮುಲಾ ಗುಂಪಿನಲ್ಲಿ ಶೇ. 6.6. 18 ತಿಂಗಳಾದಾಗ ಬುದ್ಧಿ ಬೆಳವಣಿಗೆ ಅಳೆದು ನೋಡಿದರು. ಎರಡೂ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ಮೈಕ್ರೋಆರ್‌ಎನ್‌ಎ ಕಳಕೊಂಡ ಹಾಲೇ ಕರುಳು ಉಳಿಸಿದೆ."

ಹೌದು. ಬಿಸಿ ಮಾಡಿದಾಗ ಲೈಪೇಸ್ ಕಿಣ್ವ ಹಾಳಾಗುತ್ತದೆ, ಜೀವಕೋಶಗಳು ಸಾಯುತ್ತವೆ, ಪ್ರತಿಕಾಯ ಮತ್ತು ಸೋಂಕು ತಡೆಯುವ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ತಗ್ಗುತ್ತವೆ. ಆದರೆ ಎದೆಹಾಲಿಗೇ ವಿಶೇಷವಾದ ಸಕ್ಕರೆಗಳು, ಅಂದರೆ ಓಲಿಗೋಸ್ಯಾಕರೈಡ್‌ಗಳು, ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಹಾಲು ಅಂದರೆ ಒಂದೇ ವಸ್ತು ಅಲ್ಲ. ನಾನು ಸ್ಲೈಡಿನಲ್ಲಿ ಅದನ್ನು ಒಂದೇ ವಸ್ತು ಮಾಡಿಬಿಟ್ಟಿದ್ದೆ.

ನಾಲ್ಕನೇ ದಿನ ಸಂಜೆ ಸಹಿ ಹಾಕಿದರು. ಒಂದು ಷರತ್ತು ಇಟ್ಟರು: "ನನ್ನ ಹಾಲಿನ ಒಂದು ಹನಿಯೂ ವೇಸ್ಟ್ ಆಗಬಾರದು."

ಮಾಡಿದ ಬದಲಾವಣೆಗಳು

ಆ ಷರತ್ತನ್ನು ನಾವು ಗಂಭೀರವಾಗಿ ತೆಗೆದುಕೊಂಡೆವು. ಹಾಗೆ ನೋಡಿದರೆ ಈ ಪ್ರಕರಣದಲ್ಲಿ ಕೈಗೆ ಸಿಕ್ಕ ಲಾಭ ಇದೇ.

ಅವರ ಹಾಲು ತಾಜಾ ಇದ್ದಾಗಲೇ ಮೊದಲು ಹೋಗಬೇಕು, ಫ್ರೀಜ್ ಮಾಡಿದ್ದು ಎರಡನೆಯದು, ಡೋನರ್ ಕೊನೆಯದು ಎಂದು ಇನ್‌ಕ್ಯುಬೇಟರ್ ಮೇಲೆ ಚೀಟಿ ಅಂಟಿಸಿದೆವು. ಇದು ಮೊದಲೇ ನಿಯಮವಾಗಿತ್ತು. ಆದರೆ ರಾತ್ರಿ ಪಾಳಿಯಲ್ಲಿ ಕೈಗೆ ಸಿಕ್ಕ ಸಿರಿಂಜ್ ಹೋಗುತ್ತಿತ್ತು ಎಂಬುದು ಆಗ ಗೊತ್ತಾಯಿತು. ಬಾಟಲಿಯ ತಳದಲ್ಲಿ ಉಳಿದ ಒಂದೆರಡು ಹನಿ ಹಳದಿ ಹಾಲನ್ನು ಹತ್ತಿಯ ಕಡ್ಡಿಯಿಂದ ಮಗುವಿನ ಕೆನ್ನೆಯ ಒಳಭಾಗಕ್ಕೆ ಸವರಿದೆವು. ಅದನ್ನು ತಾಯಿಯೇ ಮಾಡಿದರು. ನಾಲ್ಕು ದಿನದಲ್ಲಿ ಮಗುವಿನ ಬಾಯಿ ಮುಟ್ಟಿದ್ದು ಅದೇ ಮೊದಲು.

ಇನ್ನೊಂದು ಸಂಗತಿ ಸಿರಿಂಜ್ ಪಂಪಿನದು. ಗಂಟೆಗಟ್ಟಲೆ ನಿಧಾನವಾಗಿ ಹಾಲು ತಳ್ಳುವಾಗ ಕೊಬ್ಬು ತೇಲಿ ಮೇಲೆ ನಿಲ್ಲುತ್ತದೆ, ಟ್ಯೂಬಿನ ಗೋಡೆಗೂ ಅಂಟುತ್ತದೆ. ಸಿರಿಂಜ್ ಮಲಗಿಸಿಟ್ಟರೆ ಕೊಬ್ಬು ಒಳಗೇ ಉಳಿದು ನೀರು ಭಾಗ ಮಾತ್ರ ಹೋಗುತ್ತದೆ. ಮೈಕ್ರೋಆರ್‌ಎನ್‌ಎಯ ಒಂದು ದೊಡ್ಡ ಪಾಲು ಕೊಬ್ಬಿನ ಜೊತೆ ಇರುವುದು ಎಂದು ತಾಯಿ ಓದಿದ್ದರು. ಹಾಲು ತಯಾರಿಸುವ ಜೀವಕೋಶದಿಂದ ಕೊಬ್ಬಿನ ಹನಿ ಹೊರಬೀಳುವಾಗ ಒಳಗಿನ ಸಾರವನ್ನೂ ಚೂರು ಹೊತ್ತುಕೊಂಡೇ ಬರುತ್ತದೆ. ಅವರಿಗೆ ಅದರ ಚಿಂತೆ, ನಮಗೆ ಕ್ಯಾಲೊರಿಯ ಚಿಂತೆ. ಪರಿಹಾರ ಒಂದೇ. ಸಾಧ್ಯವಾದಾಗಲೆಲ್ಲ ಒಮ್ಮೆಲೇ ಇಳಿಬಿಡುವುದು, ಪಂಪ್ ಬೇಕೇ ಆದಾಗ ಸಿರಿಂಜಿನ ತುದಿ ಮೇಲಕ್ಕೆ ಇರುವ ಹಾಗೆ ಓರೆಯಾಗಿ ಇಡುವುದು.

ಪಂಪಿಂಗ್ ದಿನಕ್ಕೆ ಐದರಿಂದ ಎಂಟು ಸಲಕ್ಕೆ ಏರಿತು, ಅದರಲ್ಲಿ ಒಂದು ನಡುರಾತ್ರಿ. ಪ್ರತಿ ಸಲ ಪಂಪ್ ಆದ ಮೇಲೆ ಕೈಯಿಂದ ಹಿಂಡುವುದು. ಆರನೇ ದಿನದಿಂದ ಕಾಂಗರೂ ಕೇರ್, ಮಗುವನ್ನು ಎದೆಗೆ ಹಚ್ಚಿ ಮಲಗಿಸುವುದು. ಮಗು ಎದೆಯ ಮೇಲಿಂದ ಎದ್ದ ಕೂಡಲೇ ಪಂಪ್ ಮಾಡಿದರೆ ಜಾಸ್ತಿ ಬರುತ್ತಿತ್ತು.

ಏನಾಯಿತು

ಐದನೇ ದಿನ ತಾಯಿಯ ಹಾಲು 40 ಮಿಲಿ, ಏಳನೇ ದಿನ 90, ಒಂಬತ್ತನೇ ದಿನ 170. ಮಗುವಿಗೆ ಒಂಬತ್ತನೇ ದಿನ ಬೇಕಿದ್ದದ್ದು 180. ಹತ್ತನೇ ದಿನ ಡೋನರ್ ಹಾಲು ನಿಂತಿತು, ಲೈನ್ ಕೂಡ ತೆಗೆದೆವು. ಒಟ್ಟು ಕೊಟ್ಟ ಡೋನರ್ ಹಾಲು ಲೆಕ್ಕ ಹಾಕಿದರೆ ಸುಮಾರು 150 ಮಿಲಿ. ಅಷ್ಟೂ ಜಗಳ ಒಂದು ಲೋಟಕ್ಕೂ ಕಡಿಮೆ ಹಾಲಿಗೆ. ಇದನ್ನು ಮೊದಲ ದಿನವೇ ಹೇಳಿದ್ದರೆ? 'ಇದು ನಿಮ್ಮ ಹಾಲಿನ ಬದಲಿಗೆ ಅಲ್ಲ, ನಿಮ್ಮ ಹಾಲು ಬರುವವರೆಗಿನ ಸೇತುವೆ' ಅನ್ನುವ ಮಾತು ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ.

ತೂಕ ಐದನೇ ದಿನ 1,075ಕ್ಕೆ ಇಳಿದು, ಹದಿಮೂರನೇ ದಿನ ಹುಟ್ಟಿದ ತೂಕಕ್ಕೆ ಮರಳಿತು. ನಡುವೆ ಹಾಲಿಗೆ ಫಾರ್ಟಿಫೈಯರ್ (ಪೋಷಕಾಂಶ ಹೆಚ್ಚಿಸುವ ಮಿಶ್ರಣ) ಸೇರಿಸುವಾಗ ಮತ್ತೆ ಒಂದು ಸುತ್ತು ಪ್ರಶ್ನೆಗಳು ಬಂದವು. ಈ ಸಲ ಹತ್ತು ನಿಮಿಷದಲ್ಲಿ ಮುಗಿಯಿತು. ಎನ್‌ಇಸಿ ಬರಲಿಲ್ಲ. ಆದರೆ ಈ ತೂಕದ ಬಹುಪಾಲು ಮಕ್ಕಳಿಗೆ ಅದು ಬರುವುದೂ ಇಲ್ಲ. ಅದನ್ನು ನಮ್ಮ ಗೆಲುವು ಎಂದು ಬರೆದುಕೊಳ್ಳಲಾರೆ. ಮಗು ಹಸಿ ಹಾಲಿನ ಮೈಕ್ರೋಆರ್‌ಎನ್‌ಎಯಿಂದ ಚೇತರಿಸಿತು ಎಂದೂ ಬರೆಯಲಾರೆ.

ಮನೆಗೆ ಹೋಗುವ ವಾರ ತಂದೆ ಒಂದು ಜಾಹೀರಾತು ತೋರಿಸಿದರು. ಎಕ್ಸೋಸೋಮ್ ಇರುವ ಪುಡಿಯಂತೆ, ಮಗುವಿನ ಬುದ್ಧಿ ಬೆಳೆಯುತ್ತದಂತೆ. ನಾನು ಬಾಯಿ ತೆರೆಯುವ ಮೊದಲೇ ತಾಯಿ, "ಮೂರನೇ ಪ್ರಶ್ನೆಗೆ ಉತ್ತರ ಇದೆಯಾ ಕೇಳಿ ಅವರನ್ನ" ಅಂದರು.

ನಾವು ಬದಲಿಸಿಕೊಂಡದ್ದು

ಫಾರ್ಮಿನಲ್ಲಿ ಈಗ ಡೋನರ್ ಹಾಲು ಸಾಮಾನ್ಯವಾಗಿ ಎಷ್ಟು ದಿನ, ಎಷ್ಟು ಪ್ರಮಾಣ ಎಂಬ ಅಂದಾಜು ಬರೆಯುತ್ತೇವೆ. ಕಾಯಿಸಿದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದನ್ನೂ ಮುಚ್ಚಿಡದೆ ಹಾಕಿದ್ದೇವೆ. ತಾಯಿಯೊಬ್ಬರು ಲೇಖನ ತೋರಿಸಿದರೆ, ಓದಲು ಸಮಯವಿಲ್ಲದಿದ್ದರೆ 'ಓದಿ ಸಂಜೆ ಮಾತಾಡುತ್ತೇನೆ' ಅನ್ನಬೇಕು, 'ಸುಳ್ಳು' ಅನ್ನಬಾರದು ಎಂದು ಕಿರಿಯ ವೈದ್ಯರೇ ಸಭೆಯಲ್ಲಿ ಹೇಳಿದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿತು.

ತಡವಾದ ಆ ಒಂದೂವರೆ ದಿನ ಮಗುವಿಗೆ ತೊಂದರೆ ಮಾಡಲಿಲ್ಲ. ಮಾಡಬಹುದಿತ್ತು. ಹೆಚ್ಚು ದಿನ ಉಳಿದ ಲೈನಿನಿಂದ ಸೋಂಕು ಬಂದಿದ್ದರೆ ಈ ಬರಹದ ದನಿಯೇ ಬೇರೆ ಇರುತ್ತಿತ್ತು. ಆ ಹೊಣೆಯಲ್ಲಿ ದೊಡ್ಡ ಪಾಲು ಒಂದು ಚೆಂದದ ಸಾಲು ಬರೆದ ನನ್ನದು.

ಸ್ಲೈಡ್ ತೆಗೆದು ಹಾಕಲಿಲ್ಲ, ಬದಲಿಸಿದೆ. ಮಗುವಿಗೆ ನಾಲ್ಕು ತಿಂಗಳಾದಾಗ ತಪಾಸಣೆಗೆ ಬಂದ ತಾಯಿಗೆ ಹೊಸ ಸಾಲು ತೋರಿಸಿದೆ. "ಎದೆಹಾಲಿನಲ್ಲಿ ನೂರಾರು ಬಗೆಯ ಮೈಕ್ರೋಆರ್‌ಎನ್‌ಎ ಇವೆ. ಅವು ಮಗುವಿನ ಕರುಳಿಗೆ ನೆರವಾಗುತ್ತವೆ." ಮಗುವನ್ನು ಎಡಗೈಗೆ ಬದಲಿಸಿಕೊಂಡು, ನನ್ನ ಪೆನ್ ಇಸಿದುಕೊಂಡು, 'ನೆರವಾಗುತ್ತವೆ' ಎಂಬುದನ್ನು ಹೊಡೆದುಹಾಕಿ 'ನೆರವಾಗಬಹುದು' ಎಂದು ಬರೆದರು.